28 ವರ್ಷದ ಸಿಗಾರಿನಲ್ಲಿ ಮೆಂತ್ಯದ ವಾಸನೆ

2021ರ ಏಪ್ರಿಲ್ ತಿಂಗಳ ಒಂದು ಸಂಜೆ, ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಕುಳಿತು ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ಕ್ಯೂಬಾ ಸಿಗಾರನ್ನು ಹೊತ್ತಿಸಿದೆ. ಆ ಹೊತ್ತಿಗೆ ನನ್ನ ಕೆಲಸ ಹೋಗಿ ಏಳು ತಿಂಗಳು, ಮೂಗು ಕೆಟ್ಟು ಮೂರು ತಿಂಗಳು ಆಗಿತ್ತು. ಸಿಗಾರಿಗೆ ಹತ್ತಿರ ಹತ್ತಿರ 28 ವರ್ಷ ವಯಸ್ಸಾಗಿತ್ತು. ಹೊಗೆಸೊಪ್ಪಿನ ದುಡ್ಡಿನಲ್ಲಿಯೇ ಓದಿ ಮುಂದೆ ಬಂದ ಪಿರಿಯಾಪಟ್ಟಣದ ರೈತನ ಮಗನಾದ ನಾನು ಅಲ್ಲಿಯವರೆಗೆ ಒಂದು ಬೀಡಿಯನ್ನೂ ಸೇದಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ರುಚಿಯ ವರ್ಣನೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುವವರು ಅದರ ಮೇಲೆ ತೀರ್ಮಾನಿಸಬಹುದು.

ಕೆಲಸ ಹೋದದ್ದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ. ವಿಮಾನಗಳೆಲ್ಲ ನೆಲ ಹಿಡಿದ ವರ್ಷದಲ್ಲಿ ವಿಮಾನದ ಟಿಕೆಟ್ ಮಾರುವ ತಂತ್ರಾಂಶ ಬರೆಯುವವರಿಗೆ ಏನಾಗಬೇಕೋ ಅದೇ ಆಯಿತು. ಹೆಂಡತಿಗೆ ಒಂದು ಶಾಲೆಯಲ್ಲಿ ಕೆಲಸವಿದ್ದುದರಿಂದ ಬಾಡಿಗೆ ಹೇಗೋ ಸಾಗುತ್ತಿತ್ತು. ಮೂಗಿನ ಕಥೆ ಮಾತ್ರ ಸ್ವಲ್ಪ ಉದ್ದ. ಜನವರಿಯಲ್ಲಿ ಕೋವಿಡ್ ಬಂದು ಹೋದ ಮೇಲೆ ಏಳೆಂಟು ವಾರಗಳ ಕಾಲ ನನ್ನ ಪಾಲಿಗೆ ವಾಸನೆಯೆಂಬುದೇ ಇರಲಿಲ್ಲ. ತಟ್ಟೆಯಲ್ಲಿ ಉಪ್ಪು, ಹುಳಿ, ಖಾರ ಇರುತ್ತಿದ್ದವು, ಸಾರು ಇರುತ್ತಿರಲಿಲ್ಲ. ಮಾರ್ಚ್‌ನಲ್ಲಿ ವಾಸನೆ ಮರಳತೊಡಗಿತು, ಆದರೆ ವಿಳಾಸ ತಪ್ಪಿದ ಕಾಗದಗಳ ಹಾಗೆ. ಫಿಲ್ಟರ್ ಕಾಫಿಯ ಮುಚ್ಚಳ ತೆರೆದರೆ ಸುಟ್ಟ ಟಯರಿನ ನಾತ, ಒಗ್ಗರಣೆಗೆ ಈರುಳ್ಳಿ ಬಿದ್ದರೆ ಮನೆ ಬಿಟ್ಟು ಹೊರಗೆ ಓಡಬೇಕಾದಂಥ ಕೊಳೆತ ವಾಸನೆ. ವೈದ್ಯರು ಇದನ್ನು ಪರೋಸ್ಮಿಯಾ ಎನ್ನುತ್ತಾರೆ. ಮರುವರ್ಷ, 2022ರಲ್ಲಿ, ನಾವಿದ್ದ ಊರಿನ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿದ್ದ ತಂಡವೊಂದು, ಇಂಥವರ ಮೂಗನ್ನು ಹೆಚ್ಚು ಕಾಡುವುದು ಕಾಫಿಯಲ್ಲಿರುವ 2-ಫ್ಯೂರಾನ್‌ಮೀಥೇನ್‌ಥಯಾಲ್ ಎಂಬ ಗಂಧಕದ ಅಂಶವುಳ್ಳ ವಸ್ತು ಎಂದು ಗುರುತಿಸಿತು. ಹುರಿದದ್ದು, ಸುಟ್ಟದ್ದು, ಬಾಡಿಸಿದ್ದು ಎಲ್ಲವೂ ಈ ಕಾಯಿಲೆಯವರಿಗೆ ಶತ್ರು. ಕನ್ನಡದ ಅಡುಗೆಮನೆಯಲ್ಲಿ ಇವು ಮೂರನ್ನೂ ಬಿಟ್ಟರೆ ಉಳಿಯುವುದು ಮೊಸರನ್ನವೊಂದೇ.

ಚಿಕಿತ್ಸೆಯೆಂದು ಹೇಳಿಕೊಳ್ಳುವಂಥದ್ದು ಒಂದೇ ಇತ್ತು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಭ್ಯಾಸಕ್ರಮದಂತೆ ಗುಲಾಬಿ, ನಿಂಬೆ, ಲವಂಗ ಮತ್ತು ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ, ಮನಸ್ಸಿಟ್ಟು ಮೂಸಬೇಕು. ನಾನು ಹಿತ್ತಲಿನಲ್ಲಿ ನಾಲ್ಕು ಸೀಸೆಗಳನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದುದನ್ನು ಬೇಲಿಯಾಚೆಯಿಂದ ಪಕ್ಕದ ಮನೆಯ ಹಿರಿಯರು ಒಂದು ವಾರ ಗಮನಿಸಿ, ಇದು ಯಾವ ಪೂಜೆ ಎಂದು ಕೇಳಿದರು. ವಿಷಯ ತಿಳಿದ ಮೇಲೆ ಅವರು ಒಳಗೆ ಹೋಗಿ ಒಂದು ಮರದ ಪೆಟ್ಟಿಗೆ ತಂದರು. ಅವರ ಹೃದಯದ ವೈದ್ಯರು ಸಿಗಾರನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಪೆಟ್ಟಿಗೆಯಲ್ಲಿ ನಾಲ್ಕು ಉಳಿದಿದ್ದವು. ಎರಡನ್ನು ತೆಗೆದು ನನ್ನ ಕೈಯಲ್ಲಿಟ್ಟು, ನಿನ್ನ ನಾಲ್ಕು ಸೀಸೆಗಿಂತ ಇದರೊಳಗೆ ಹೆಚ್ಚು ವಾಸನೆಗಳಿವೆ ಎಂದರು.

ನಾನು ಮೊದಲು ಮಾಡಿದ ಕೆಲಸ ಅವುಗಳ ಬೆಲೆ ನೋಡಿದ್ದು. ಹಳೆಯ ಹವಾನಾ ಸಿಗಾರುಗಳು ಲಂಡನ್ನಿನ ಹರಾಜಿನಲ್ಲಿ ಯಾವ ಬೆಲೆಗೆ ಹೋಗುತ್ತವೆಂಬುದನ್ನು ನೋಡಿ ಮೊಬೈಲನ್ನು ಮಗುಚಿಟ್ಟೆ. ಆ ತಿಂಗಳ ಗ್ಯಾಸಿನ ಬಿಲ್ಲು ಅಡುಗೆಮನೆಯ ಗೋಡೆಯ ಮೇಲೆಯೇ ಇತ್ತು. ಮೂರು ದಿನ ಯೋಚಿಸಿದೆ. ಮಾರದೆ ಉಳಿದದ್ದು ಒಳ್ಳೆಯತನದಿಂದಲ್ಲ, ಮಾರಿದೆನೆಂಬುದು ಬೇಲಿಯಾಚೆ ಗೊತ್ತಾದೀತೆಂಬ ನಾಚಿಕೆಯಿಂದ.

ಸಿಗಾರಿನ ಹೆಸರು ಪಾರ್ತಗಾಸ್ ಲುಸಿತಾನಿಯಾಸ್. ಪಾರ್ತಗಾಸ್ ಎಂಬುದು 1845ರಲ್ಲಿ ಆರಂಭವಾದ ಹವಾನಾದ ಹಳೆಯ ಕಾರ್ಖಾನೆ. ಲುಸಿತಾನಿಯಾಸ್ ಎಂಬುದು ಅದರ ಉದ್ದನೆಯ ಸಿಗಾರು, 194 ಮಿಲಿಮೀಟರ್. ಸೇದಿ ಮುಗಿಸಲು ಎರಡು ಗಂಟೆ ಬೇಕು. ಪೆಟ್ಟಿಗೆಯ ತಳದಲ್ಲಿ ಮಸಿಯ ಮುದ್ರೆಯೊಂದಿತ್ತು: ಎಫ್‌ಪಿಜಿ, ಅದರ ಪಕ್ಕದಲ್ಲಿ ಒಎಎಸ್‌ವಿ. ನಮ್ಮ ಜವಳಿ ಅಂಗಡಿಯವರು ಸೀರೆಯ ಚೀಟಿಯ ಮೇಲೆ ತಮಗೆ ಮಾತ್ರ ತಿಳಿಯುವ ಅಕ್ಷರಗಳಲ್ಲಿ ಅಸಲು ಬೆಲೆ ಬರೆದುಕೊಳ್ಳುವ ಹಾಗೆ, ಕ್ಯೂಬಾದವರೂ 1985ರಿಂದ ಹದಿಮೂರು ವರ್ಷಗಳ ಕಾಲ ಒಂದು ಗುಟ್ಟಿನ ಲಿಪಿಯನ್ನು ಬಳಸಿದರು. 'ನಿವೆಲಾಕುಸೊ' (NIVELACUSO) ಎಂಬ ಪದದ ಹತ್ತು ಇಂಗ್ಲಿಷ್ ಅಕ್ಷರಗಳು ಕ್ರಮವಾಗಿ ಒಂದರಿಂದ ಒಂಬತ್ತು, ಕೊನೆಗೆ ಸೊನ್ನೆ. ಆ ಲೆಕ್ಕದಲ್ಲಿ ಒಎಎಸ್‌ವಿ ಎಂದರೆ 0693, ಅಂದರೆ 1993ರ ಜೂನ್. ಎಫ್‌ಪಿಜಿ ಎಂಬುದು ಪಾರ್ತಗಾಸ್ ಕಾರ್ಖಾನೆಯ ಗುರುತು.

1993ರ ಜೂನ್ ಎಂಬುದನ್ನು ಬಿಡಿಸಿದ ಕೂಡಲೇ ನನ್ನ ಮನಸ್ಸು ಒಂದು ಕಥೆಯನ್ನು ಕಟ್ಟಿಕೊಂಡಿತು. ಸೋವಿಯತ್ ಒಕ್ಕೂಟ ಕುಸಿಯುತ್ತಾ ಬಂದು 1991ರ ಡಿಸೆಂಬರಿನಲ್ಲಿ ಇಲ್ಲವಾಗುವ ಹೊತ್ತಿಗೆ ಕ್ಯೂಬಾಕ್ಕೆ ಅಲ್ಲಿಂದ ಬರುತ್ತಿದ್ದ ಎಣ್ಣೆ, ಗೊಬ್ಬರ, ಧಾನ್ಯ ಎಲ್ಲವೂ ಬಹುಮಟ್ಟಿಗೆ ನಿಂತುಹೋದವು. ಸರ್ಕಾರ ಆ ಕಾಲವನ್ನು 'ಶಾಂತಿಕಾಲದ ವಿಶೇಷ ಅವಧಿ' ಎಂದು ಕರೆಯಿತು. ಬರಗಾಲಕ್ಕೆ ಇಷ್ಟು ನಯವಾದ ಹೆಸರನ್ನು ಸರ್ಕಾರಗಳು ಮಾತ್ರ ಹುಡುಕಬಲ್ಲವು. ಟ್ರ್ಯಾಕ್ಟರ್ ನಿಂತ ಹೊಲಗಳಿಗೆ ಎತ್ತುಗಳು ಮರಳಿದವು, ಬಸ್ಸು ನಿಂತ ಹವಾನಾಕ್ಕೆ ಚೀನಾದ ಸೈಕಲ್ಲುಗಳು ಲಕ್ಷಗಟ್ಟಲೆ ಬಂದವು, ದಿನದ ಬಹುಪಾಲು ಕರೆಂಟು ಇರುತ್ತಿರಲಿಲ್ಲ. ನಾಲ್ಕು ವರ್ಷದೊಳಗೆ ದೇಶದ ಆದಾಯದ ಮೂರನೆಯ ಒಂದು ಭಾಗ ಕರಗಿತು. ಅಂಥ ವರ್ಷದ ನಡುವೆ ಯಾರೋ ಒಬ್ಬರು ಅರೆಹೊಟ್ಟೆಯಲ್ಲಿ ಕುಳಿತು ಸುತ್ತಿದ ಸಿಗಾರನ್ನು ಇಂದು ಕೆಲಸವಿಲ್ಲದ ನಾನು ಸೇದುತ್ತಿದ್ದೇನೆ, ಆದ್ದರಿಂದ ಅದರಲ್ಲಿ ಕಷ್ಟದ ರುಚಿಯೊಂದು ಇದ್ದೇ ತೀರಬೇಕು ಎಂದು ನಾನು ನಂಬಿದೆ. ಹೊತ್ತಿಸುವ ಮೊದಲೇ ಅರ್ಧ ಬರಹ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಕಡ್ಡಿ ಗೀರಿದೆ. ತಲೆಯ ಭಾಗವನ್ನು ಅಡುಗೆಮನೆಯ ಚಾಕುವಿನಿಂದ ಕತ್ತರಿಸಿದ್ದರಿಂದ ಅಂಚು ಸ್ವಲ್ಪ ಹರಿದಿತ್ತು. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳಬಾರದು, ಬಾಯಲ್ಲಿ ತುಂಬಿಕೊಂಡು ಒಂದಿಷ್ಟನ್ನು ಮೂಗಿನಿಂದ ಬಿಡಬೇಕು ಎಂದು ಬೇಲಿಯಾಚೆಯಿಂದ ಪಾಠವಾಗಿತ್ತು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದು ಸಂಗತಿಗಳು ಮಾತ್ರ. ಮಿಕ್ಕ ರುಚಿಯೆಲ್ಲ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನನ್ನಲ್ಲಿ ಕೆಟ್ಟಿದ್ದುದೂ ಅದೇ ದಾರಿ. ಸುಟ್ಟ ಟಯರು ಬರುತ್ತದೆಂದು ಉಸಿರು ಬಿಗಿಹಿಡಿದು ಕಾದೆ.

ಬರಲಿಲ್ಲ. ಮೊದಲ ಹತ್ತು ನಿಮಿಷ ಏನೂ ಬರಲಿಲ್ಲ. ಬಿಸಿ ಗಾಳಿಯಂಥ, ಒಣಗಿದ, ತೆಳ್ಳನೆಯ ಹೊಗೆ. ಆಮೇಲೆ ಅಜ್ಜಿಯ ಮರದ ಸಂದೂಕದ ಮುಚ್ಚಳ ಎತ್ತಿದ ಹಾಗಾಯಿತು. ಇದು ಅಷ್ಟೇನೂ ವಿಚಿತ್ರವಲ್ಲ. ಸಿಗಾರಿನ ಪೆಟ್ಟಿಗೆಯ ಮರವನ್ನು ಎಲ್ಲರೂ ಸೀಡರ್ ಎಂದು ಕರೆದರೂ ಅದು ದೇವದಾರುವಿನ ಜಾತಿಯದಲ್ಲ. ಬೇವು, ಮಹಾಗನಿಗಳ ಕುಟುಂಬಕ್ಕೆ ಸೇರಿದ ಸೆಡ್ರೆಲಾ, ನಮ್ಮ ಮಲೆನಾಡಿನ ನೋಗೆ ಮರದ ಹತ್ತಿರದ ನೆಂಟ. ವರ್ಷಗಟ್ಟಲೆ ಅದರೊಳಗಿದ್ದ ಎಲೆ ಅದರ ವಾಸನೆ ಹಿಡಿಯದೆ ಇರುವುದಿಲ್ಲ. ಅದರ ಬೆನ್ನಿಗೇ ಬಂದದ್ದು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಜಗುಲಿಯ ಹುಳಿ ಧೂಳಿನ ವಾಸನೆ. ಅಲ್ಲಿಂದ ಮುಂದೆ ನಾನು ಕಾಗದ ತಂದು ಬರೆದುಕೊಳ್ಳತೊಡಗಿದೆ. ಬಾಣಲೆಯಲ್ಲಿ ಒಂದು ಕ್ಷಣ ಹೆಚ್ಚಾಗಿ ಕೆಂಪಾದ ಮೆಂತ್ಯ. ಮುದ್ದೆ ಮಾಡಿದ ಪಾತ್ರೆಯ ತಳದಲ್ಲಿ ಅಂಟಿಕೊಂಡ ಸೀಕು. ಆಲೆಮನೆಯ ಕೊಪ್ಪರಿಗೆಯಿಂದ ನೊರೆ ತೆಗೆದು ಪಕ್ಕಕ್ಕೆ ಸುರಿಯುವಾಗ ಏಳುವ, ಬೆಲ್ಲವೂ ಅಲ್ಲದ ಕೊಳೆಯೂ ಅಲ್ಲದ ಆ ಹಬೆ. ಒಂದು ಗಳಿಗೆ ಮಾತ್ರ, ಎರಡನೆಯ ಬಾರಿ ಹುಡುಕಿದರೂ ಸಿಗದ ಹಾಗೆ, ಇಂಗಿನ ಡಬ್ಬಿ.

ಸಿಗಾರಿನ ರುಚಿಗೆ ಇಂಗ್ಲಿಷಿನಲ್ಲಿ ಒಂದು ಸಿದ್ಧ ಶಬ್ದಕೋಶವಿದೆ: ಚರ್ಮ, ಕೋಕೋ, ಕರಿಮೆಣಸು, ಜೇನು, ದನದ ಕೊಟ್ಟಿಗೆ. ಬೇಲಿಯಾಚೆಯ ಹಿರಿಯರು ಅದೇ ಪದಗಳನ್ನು ಒಂದೊಂದಾಗಿ ಎಸೆದು, ಚರ್ಮ ಬಂತೇ, ಕೋಕೋ ಬಂತೇ ಎಂದು ಕೇಳುತ್ತಿದ್ದರು. ನನಗೆ ಕೊಟ್ಟಿಗೆಯೊಂದನ್ನು ಬಿಟ್ಟರೆ ಯಾವುದೂ ಬರಲಿಲ್ಲ. ಸೀಕು ಎಂಬುದನ್ನು ಅವರಿಗೆ ವಿವರಿಸಲು ರಾಗಿಯಿಂದ ಆರಂಭಿಸಬೇಕಾಯಿತು. ಮೆಂತ್ಯದ ವಿಷಯಕ್ಕೆ ಮಾತ್ರ ಅವರು ತಲೆದೂಗಿ, ಶೆರ್ರಿ ಎಂಬ ದ್ರಾಕ್ಷಾರಸ ಹಳೆಯದಾದಾಗ ಅದರಲ್ಲಿ ತಮಗೆ ಅದು ಸಿಗುತ್ತದೆ ಎಂದರು. ಆಮೇಲೆ ಓದಿ ತಿಳಿದೆ: ಮೆಂತ್ಯಕ್ಕೆ ಅದರ ವಾಸನೆ ಕೊಡುವ ಸೊಟೊಲಾನ್ ಎಂಬ ವಸ್ತು, ವರ್ಷಗಟ್ಟಲೆ ಮಾಗಿದ ಕೆಲವು ದ್ರಾಕ್ಷಾರಸಗಳಲ್ಲಿಯೂ ಮೂಡುತ್ತದೆ. ನನ್ನ ಸಿಗಾರಿನಲ್ಲಿದ್ದುದು ಅದೇ ಎಂದು ನಾನು ಸಾಧಿಸಲಾರೆ. ಮಾರ್ಚ್‌ನಿಂದ ಒಂದು ವಾಸನೆಯ ಜಾಗದಲ್ಲಿ ಇನ್ನೊಂದನ್ನು ಕೊಡುತ್ತಿದ್ದ ಮೂಗು ಅಂದು ಮಾತ್ರ ಸಾಕ್ಷಿ ಹೇಳುವ ಯೋಗ್ಯತೆ ಪಡೆದಿತ್ತೆಂದು ಹೇಗೆ ನಂಬಲಿ? ಎಲೆ ಮಾಗಿದ್ದರಿಂದ ಬಂದ ರುಚಿ ಯಾವುದು, ನರಗಳು ತಪ್ಪಾಗಿ ಹೊಸೆದುಕೊಂಡಿದ್ದರಿಂದ ಬಂದದ್ದು ಯಾವುದು ಎಂಬ ಗೆರೆ ಆ ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ.

ಅರ್ಧ ಮುಗಿದಾಗ ಊರಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯರಾತ್ರಿ ಹತ್ತಿರವಾಗಿದ್ದರೂ ಅಪ್ಪ ಎಚ್ಚರವಾಗಿಯೇ ಇದ್ದರು. ಆ ಏಪ್ರಿಲಿನಲ್ಲಿ ನಮ್ಮ ಕಡೆ ಯಾರೂ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಹೊಗೆಸೊಪ್ಪನ್ನು ನಲವತ್ತು ವರ್ಷ ಬೆಳೆದು, ಎಲೆ ಅಡಿಕೆಯ ಜೊತೆ ಒಂದು ಚಿಟಿಕೆ ಬಿಟ್ಟರೆ ಬಳಸದೆ ಇದ್ದವರು ಅವರು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಸೊಪ್ಪು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಕಾವಿನ ಮನೆಯಲ್ಲಿ, ಬೇಯುವ ಸೊಪ್ಪು. ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ಏರಿಸಿ, ಹೊರಗಿನ ಒಲೆಗೆ ಸೌದೆ ಹಾಕಿ, ಕಬ್ಬಿಣದ ಕೊಳವೆಯ ಕಾವಿನಲ್ಲಿ ಒಂದು ವಾರದೊಳಗೆ ಅದನ್ನು ಹಳದಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಎಲೆಯ ಸಕ್ಕರೆ ಎಲೆಯಲ್ಲಿಯೇ ಉಳಿಯುತ್ತದೆ. ಕಾವು ಹೆಚ್ಚಾದರೆ ಸೊಪ್ಪು ಕಪ್ಪು, ಕಡಿಮೆಯಾದರೆ ಹಸಿರು. ಎರಡಕ್ಕೂ ಹರಾಜಿನಲ್ಲಿ ಬೆಲೆಯಿಲ್ಲ. ನನ್ನ ಬಾಲ್ಯದ ಆಗಸ್ಟ್ ತಿಂಗಳುಗಳೆಲ್ಲ ಆ ಒಲೆಯ ಮುಂದೆ ರಾತ್ರಿ ಸರದಿ ಕಾಯುವುದರಲ್ಲಿ ಕಳೆದಿವೆ.

ಕ್ಯೂಬಾದವರು ಬೇಯಿಸುವುದೇ ಇಲ್ಲವೆಂದಾಗ ಅಪ್ಪನಿಗೆ ನಂಬಿಕೆಯಾಗಲಿಲ್ಲ. "ಬೇಯ್ಸ್ದೆ ಸೊಪ್ಪು ಎಂಗ್ಲಾ ಆಯ್ತದೆ?" ಎಂದರು. ಪಿನಾರ್ ದೆಲ್ ರಿಯೊ ಎಂಬ ಪಶ್ಚಿಮದ ಪ್ರಾಂತ್ಯದಲ್ಲಿ, ವುಯೆಲ್ತಾ ಅಬಾಹೊ ಎಂಬ ಕೆಂಪು ಮಣ್ಣಿನ ಸೀಮೆಯಲ್ಲಿ ಬೆಳೆಯುತ್ತಾರಪ್ಪ, ಗರಿ ಹೊದಿಸಿದ ಎತ್ತರದ ಗುಡಿಸಿಲಿನಲ್ಲಿ ಸುಮಾರು ಐವತ್ತು ದಿನ ಗಾಳಿಗೆ ಒಣಗಿಸುತ್ತಾರೆ, ಆಮೇಲೆ ಒದ್ದೆ ಮಾಡಿ ರಾಶಿ ಹಾಕುತ್ತಾರೆ, ರಾಶಿ ತನ್ನ ಕಾವಿನಲ್ಲಿ ತಾನೇ ಹುದುಗುತ್ತದೆ, ಅಮೋನಿಯಾ ಹೊರಟುಹೋಗುತ್ತದೆ, ಸಕ್ಕರೆ ಮುಗಿದುಹೋಗುತ್ತದೆ ಎಂದು ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ತಿಪ್ಪೆ ಮಾಡ್ತಾರೆ ಅನ್ನು," ಎಂದರು. ಅಷ್ಟು ಚೆನ್ನಾದ ವಿವರಣೆಯನ್ನು ನಾನು ಎಲ್ಲಿಯೂ ಓದಿರಲಿಲ್ಲ. ನಂತರ ಅವರು ಕೇಳಿದ ಪ್ರಶ್ನೆಯೇ ನನ್ನ ಕಟ್ಟುಕಥೆಯನ್ನು ಉರುಳಿಸಿತು: ಸುತ್ತಿದ್ದು ಆ ವರ್ಷ ಸರಿ, ಸೊಪ್ಪು ಯಾವ ವರ್ಷದ್ದು?

ಪೆಟ್ಟಿಗೆಯ ಮೇಲಿನ ತಾರೀಖು ಸೊಪ್ಪಿನದಲ್ಲ. ಸಿಗಾರಿನ ಒಳಸೊಪ್ಪಿನಲ್ಲಿ ಗಿಡದ ತುದಿಯ ಖಾರವಾದ ಎಲೆ ಸುತ್ತುವ ಮೊದಲು ಎರಡು ವರ್ಷವಾದರೂ ಮಾಗಬೇಕು. ಹಾಗಾದರೆ ನಾನು ಸೇದುತ್ತಿದ್ದ ಎಲೆಯ ಒಂದು ಪಾಲು 1991ರ ಸುಮಾರಿನ ಕುಯ್ಲಿನದು. ಸೋವಿಯತ್ ಗೊಬ್ಬರ ಇನ್ನೂ ಮಣ್ಣಿನಲ್ಲಿದ್ದ ಕಾಲದ್ದು. ಕಷ್ಟದ ರುಚಿಯೆಂದು ನಾನು ನಾಲಿಗೆಯ ಮೇಲೆ ಹೊರಳಿಸುತ್ತಿದ್ದುದು ಬಹುಶಃ ಕೊನೆಯ ಸುಭಿಕ್ಷದ ಎಲೆ.

ಆ ರಾತ್ರಿ ಇನ್ನೊಂದು ವಿಷಯವನ್ನು ಓದಿದೆ, ಅದನ್ನು ಓದಿದ ಮೇಲೆ ಸಿದ್ಧವಾಗಿದ್ದ ಬರಹವನ್ನು ಬಿಟ್ಟುಬಿಟ್ಟೆ. 1991ರ ಕೊನೆಯಲ್ಲಿ ಇದೇ ಪಿನಾರ್ ದೆಲ್ ರಿಯೊದಲ್ಲಿ ಕೆಲವರಿಗೆ ಕಣ್ಣು ಮಂಜಾಗತೊಡಗಿತು. ನೋಟದ ನಡುಭಾಗ ಅಳಿಸಿಹೋಗುತ್ತಿತ್ತು, ಬಣ್ಣಗಳು ಮಾಸುತ್ತಿದ್ದವು. 1993ರ ಹೊತ್ತಿಗೆ ಅದು ದ್ವೀಪದುದ್ದಕ್ಕೂ ಹಬ್ಬಿ, 50,000ಕ್ಕೂ ಹೆಚ್ಚು ಜನ ಕಣ್ಣಿನ ಅಥವಾ ಕೈಕಾಲಿನ ನರಗಳ ತೊಂದರೆಗೆ ಒಳಗಾದರು. ಹೊರಗಿನಿಂದಲೂ ತಜ್ಞರು ಬಂದು ನೋಡಿದಾಗ ಕಂಡದ್ದು ಮುಖ್ಯವಾಗಿ ಪೌಷ್ಟಿಕಾಂಶದ ಕೊರತೆ, ಅದರಲ್ಲೂ ಬಿ ಜೀವಸತ್ವಗಳದು. ಅದರೊಂದಿಗೆ ಕಣ್ಣಿನ ಬಗೆಯ ಕಾಯಿಲೆಯನ್ನು ಹೆಚ್ಚಿಸುತ್ತಿದ್ದದ್ದು ಹೊಗೆಸೊಪ್ಪು, ವಿಶೇಷವಾಗಿ ಸಿಗಾರು. ಹೊಟ್ಟೆಗೆ ಕಡಿಮೆಯಾದಾಗ ಹೊಗೆಯ ವಿಷವನ್ನು ಕಳೆಯುವ ಶಕ್ತಿಯೂ ದೇಹಕ್ಕೆ ಕಡಿಮೆ. 1993ರಲ್ಲಿ ಸರ್ಕಾರ ಇಡೀ ಜನಸಂಖ್ಯೆಗೆ ಜೀವಸತ್ವದ ಮಾತ್ರೆ ಹಂಚಿತು, ಕಾಯಿಲೆ ಇಳಿಯಿತು.

ನನ್ನ ಸಿಗಾರು ಪೆಟ್ಟಿಗೆ ಸೇರಿದ ಬೇಸಿಗೆಯೇ ಅದು. ಕಾರ್ಖಾನೆಯಲ್ಲಿ ಸುತ್ತುವವರಷ್ಟೇ ಅಲ್ಲ, ಸುತ್ತಿದ ಸಿಗಾರುಗಳನ್ನು ಬಣ್ಣದ ಪ್ರಕಾರ ಆಯುವವರೂ ಇರುತ್ತಾರೆ. ಒಂದೇ ಕಂದಿನ ಹತ್ತಾರು ಛಾಯೆಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸಿ, ಎಡಗಡೆ ಕಡು, ಬಲಗಡೆಗೆ ತಿಳಿಯಾಗುವಂತೆ ಪೆಟ್ಟಿಗೆಯಲ್ಲಿ ಜೋಡಿಸುವುದು ಅವರ ಕೆಲಸ. ಪಕ್ಕದ ಮನೆಯವರ ಪೆಟ್ಟಿಗೆಯನ್ನು ಮಾರನೆಯ ದಿನ ಮತ್ತೆ ಕೇಳಿ ತೆರೆದು ನೋಡಿದೆ. ಉಳಿದ ಎರಡರ ನಡುವೆ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಬಣ್ಣಗಳು ಮಾಸುತ್ತಿದ್ದ ದೇಶದಲ್ಲಿ ಯಾರದೋ ಕಣ್ಣು ಆ ಕೆಲಸವನ್ನು ಅಷ್ಟು ಸರಿಯಾಗಿ ಮಾಡಿತ್ತು. ಕಷ್ಟ ಬಂದಾಗ ಇಂದ್ರಿಯಗಳು ಚುರುಕಾಗುತ್ತವೆ, ಹಸಿದವನ ನಾಲಿಗೆಗೆ ರುಚಿ ಹೆಚ್ಚು ಎಂಬ ಮಾತುಗಳನ್ನು ನಾನೂ ಆಡಿದ್ದೆ. ಪಿನಾರ್ ದೆಲ್ ರಿಯೊದಲ್ಲಿ ಕಷ್ಟ ಮೊದಲು ಕಿತ್ತುಕೊಂಡದ್ದು ಕಣ್ಣನ್ನು. ನನ್ನಿಂದ, ಅದಕ್ಕೆ ಹೋಲಿಸಲೂ ಆಗದಷ್ಟು ಸಣ್ಣ ಪ್ರಮಾಣದಲ್ಲಿ, ಮೂಗನ್ನು. ಆ ಸಿಗಾರಿನಲ್ಲಿ ರುಚಿಯಾಗಿದ್ದುದೆಲ್ಲ ಹೊಟ್ಟೆ ತುಂಬಿದ್ದ ವರ್ಷಗಳ ಮಣ್ಣು, ಕೆಲಸ ಬಲ್ಲ ಕೈಗಳು ಮತ್ತು ಒಬ್ಬ ಇಂಗ್ಲಿಷ್ ಮನುಷ್ಯನ ಹಜಾರದ ಹದವಾದ ತೇವ. ಹಸಿವಿಗೆ ಅದರಲ್ಲಿ ಯಾವ ಪಾಲೂ ಇರಲಿಲ್ಲ.

ಕೊನೆಯ ಕಾಲು ಭಾಗವನ್ನು ಸೇದಬಾರದಿತ್ತು. ಹೊಗೆ ಬಿಸಿಯಾಗಿ, ಕಹಿಯಾಗಿ, ಗಂಜಳದ ಘಾಟು ಹತ್ತಿ, ನಾನು ಬೆವರುತ್ತಾ ಹುಲ್ಲಿನ ಮೇಲೆ ಮಲಗಿದೆ. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದರೂ ನಿಕೋಟಿನ್ ನೆಂಟಸ್ತಿಕೆ ನೋಡುವುದಿಲ್ಲ. ಹೆಂಡತಿ ಮಜ್ಜಿಗೆ ತಂದುಕೊಟ್ಟು, ವಾಸನೆ ಬಂತೋ ಇಲ್ಲವೋ ಎಂದಷ್ಟೇ ಕೇಳಿದಳು. ಬಂದದ್ದು ನಿಜ. ಮಾರನೆಯ ಬೆಳಿಗ್ಗೆ ಕಾಫಿ ಮತ್ತೆ ಟಯರೇ ಆಗಿತ್ತು. ಅದು ಕಾಫಿಯಾದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ಕೆಲಸ ಅದಕ್ಕೂ ಒಂದು ತಿಂಗಳು ಮೊದಲೇ ಸಿಕ್ಕಿತ್ತು.

ಎರಡನೆಯ ಸಿಗಾರನ್ನು 2022ರ ಬೇಸಿಗೆಯಲ್ಲಿ ಊರಿಗೆ ಒಯ್ದೆ. ಅಪ್ಪ ಅದನ್ನು ಮೂಸಿದರು, ಬೆರಳಿನಿಂದ ಅಮುಕಿದರು, ಬೆಲೆ ಕೇಳಿದರು. ಬೆಲೆಯನ್ನು ಕಡಿಮೆ ಮಾಡಿಯೇ ಹೇಳಿದೆ; ಆದರೂ ಒಂದು ಬೇಲು, ಅಂದರೆ ಒಂದು ಹೊರೆ, ಹೊಗೆಸೊಪ್ಪಿನ ಬೆಲೆಯ ಜೊತೆ ಹೋಲಿಸಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಮೊರ ತರಿಸಿ, ಬಾಯಲ್ಲಿ ನೀರು ತುಂಬಿಕೊಂಡು ಸಿಗಾರಿನ ಮೇಲೆ ತುಂತುರಾಗಿ ಊದಿ, ಅದು ಮೆದುವಾಗುವವರೆಗೆ ಕಾದು, ನಾನು ಬೇಡವೆನ್ನುವಷ್ಟರಲ್ಲಿ ಹೊದಿಕೆಯ ಎಲೆಯನ್ನು ಬಿಚ್ಚತೊಡಗಿದರು. ಒಂದೂ ಹರಿಯಲಿಲ್ಲ. ಹೊದಿಕೆ, ಅದರ ಕೆಳಗಿನ ಕಟ್ಟು, ಒಳಗಿನ ಮಡಿಕೆಗಳು ಒಂದೊಂದಾಗಿ ಮೊರದ ಮೇಲೆ ಹರಡಿಕೊಂಡವು. ಇದು ನೆರಳಲ್ಲಿ ಬೆಳೆದದ್ದು, ಇದು ಬುಡದ್ದು, ಇದು ನಡುವಿನದು, ಈ ದಪ್ಪನೆಯದು ತುದಿಯದು ಎಂದು ತೋರಿಸುತ್ತಾ ಹೋದರು. ನಡುವಿನ ಒಂದೆಲೆಯಲ್ಲಿ ಸಾಸಿವೆ ಗಾತ್ರದ ತೂತಿತ್ತು. ಅದನ್ನು ಬೆಳಕಿಗೆ ಹಿಡಿದು, "ಹುಳ ಅಲ್ಲೂ ಬುಡಾಕಿಲ್ಲ," ಎಂದರು, ಸ್ವಲ್ಪ ಸಮಾಧಾನದಿಂದಲೇ.

ತುದಿಯ ಎಲೆಯಿಂದ ಒಂದು ಚಿಟಿಕೆ ಮುರಿದು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡರು. ನಾನು ಕಾದೆ. ಬಹಳ ಹೊತ್ತು ಜಗಿದು, ಎದ್ದು ಹೋಗಿ ತೆಂಗಿನ ಬುಡದಲ್ಲಿ ಉಗಿದು ಬಂದು ಕುಳಿತರು.

"ಸಪ್ಪೆ ಕನ್ ಮಗ," ಎಂದರು.